ಆಟ ಬಂತು, ಊರು ಬರಲಿಲ್ಲ

ಗದಗ ಮೇಲ್ಪೇಟೆ,
೨೨೧೪ನೇ ಇಸವಿ, ಫೆಬ್ರುವರಿ ೩೦

ಇನ್ನೂರು ವರ್ಷ ಹಿಂದೆ ಕುಳಿತು ಲಿನಕ್ಸ್ ಕಂಪ್ಯೂಟರುಗಳ ಮೇಲೆ ಆಟ ಓಡಿಸುವ ಲಾಂಚರ್ ಬರೆಯುತ್ತಿರುವ ಮಹನೀಯರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲೀಗ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ಐದು ದಿನ ರಜೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು... ಕಾಲೇಜಿನಲ್ಲಿ ಕಲಿತದ್ದು, ಮುಂದಿನದು ಮರೆತಿದೆ. ಸಿಟ್ಟು ಮರೆತಿಲ್ಲ.

ನಮ್ಮ ಓಣಿಗೆಲ್ಲ ಸೇರಿ ಒಂದು ಓಣಿಪೆಟ್ಟಿಗೆ, ಅಂದರೆ ಬಾವಿಕಟ್ಟೆಯಷ್ಟು ದೊಡ್ಡ ಡಿಸ್ಕು. ಅದರಲ್ಲಿ ಮನೆಗೊಂದು ಪಾಲು. ಅದರ ಬಿಸಿಗೆ ಹೆಂಗಸರು ಹಪ್ಪಳ ಒಣಗಿಸುತ್ತಾರೆ. ಒಳಗೆ ಇಂದಿಗೂ ನಿಮ್ಮ ಲಿನಕ್ಸೇ, ನಿಮ್ಮ ಲಾಂಚರೇ. ನನ್ನ ಹೆಂಡತಿ ನೀಲಗಂಗಾ ಹನ್ನೊಂದು ವರ್ಷ ಅದರಲ್ಲಿ ಊರು ಕಟ್ಟುವ ಆಟ ಆಡಿದಳು. ಕೆರೆ, ನೇಕಾರರ ಸಾಲು, ಎರಡು ಚಹದಂಗಡಿ. ಅಂಗಡಿ ಮುಂದೆ ಸುಮ್ಮನೆ ಕುಳಿತ ಗಂಡಸು ಯಾರು ಅಂತ ಕೇಳಿದರೆ, ಕನ್ನಡಿ ನೋಡ್ಕೊಳ್ರಿ ಅನ್ನುತ್ತಿದ್ದಳು. ಆಸ್ಪತ್ರೆಗೆ ಹೋಗುವ ದಿನ, ಕೆರೀ ಆಚೆ ಒಂದು ಮನಿ ಕಟ್ಟೀನಿ, ಬಾಗಿಲಿಗೆ ನಿಮಗಂತ ನಾಕು ಸಾಲು ಬರದೀನಿ, ನಾ ತಿರುಗಿ ಬರದಿದ್ರ ಓದ್ರಿ ಅಂದಳು. ಬರಲಿಲ್ಲ. ಎರಡು ವರ್ಷ ನಾನು ಓದಲೂ ಇಲ್ಲ. ಓದಿಬಿಟ್ಟರೆ ಅವಳ ಮಾತು ಮುಗಿದುಹೋಗುತ್ತದಲ್ಲ.

ಹೋದ ವಾರ ಮನಸ್ಸು ಗಟ್ಟಿ ಮಾಡಿ ಕುಳಿತೆ. ಲಾಂಚರು, ಮೊದಲು ಅಪ್‌ಡೇಟ್ ಅಂದಿತು. ಎರಡು ಸೇರಿನ ಅಪ್‌ಡೇಟಿಗೆ ನಲವತ್ತು ಸೇರು ಜಾಗ ಖಾಲಿ ಬೇಕಂತೆ! (ಡಿಸ್ಕನ್ನು ನಾವು ಸೇರಿನಲ್ಲಿ ಅಳೆಯುತ್ತೇವೆ.) ಹೊಸ ಆಟವನ್ನು ಪೂರ್ತಿ ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ಬಿಡುವುದಂತೆ. ನನ್ನ ಪಾಲು ತುಂಬಿತ್ತು. ಪೆಟ್ಟಿಗೆ ನೋಡಿಕೊಳ್ಳುವ ಜೈತುನಬಿ, ಕಾಕಾ, ಬಾಜೂಕಿನ ಹಳೇ ಡಿಸ್ಕಿನ್ಯಾಗ ಜಾಗ ಐತಿ, ಆದ್ರ ಅದರ ಫೈಲ್‌ಸಿಸ್ಟಮ್, ಅಂದ್ರ ಫೈಲ್ ಜೋಡಿಸಿಡೋ ಪದ್ಧತಿ, ಲಿನಕ್ಸಿಂದಲ್ಲ, ಅವಸರ ಮಾಡಬ್ಯಾಡ್ರಿ ಅಂದಳು. ಮಾಡಿದೆ. ಆಟವನ್ನು ಅತ್ತ ಸಾಗಿಸಿದೆ. ಮೂವ್ ಸಕ್ಸಸ್‌ಫುಲ್ ಅಂತ ಹಸಿರಕ್ಷರ ಬಂತು. ಬಿಟ್ಟ ಮನೆ ಗುಡಿಸಿ ಕೊಡುವುದು ನಮ್ಮ ಓಣಿಯ ರೂಢಿ, ಪೆಟ್ಟಿಗೆಯ ಪಾಲಿಗೂ ಅದೇ. ಹಳೇ ಜಾಗವನ್ನು ನನ್ನ ಕೈಯಾರೆ ಅಳಿಸಿ ಗುಡಿಸಿದೆ. ಆಟ ತೆರೆದರೆ ಬರೀ ಬಯಲು.

ಆಮೇಲೆ ಜೈತುನಬಿ ಬಿಡಿಸಿ ಹೇಳಿದಳು: ನೀಲಗಂಗಾಳ ಊರು ಇದ್ದದ್ದು ಆಟದೊಳಗಲ್ಲವಂತೆ, ಸೋಗಿನ ಕೋಣೆಯೊಳಗಂತೆ. ಬೇರೆ ವ್ಯವಸ್ಥೆಗೆ ಬರೆದ ಆಟವನ್ನು ಇದು ನಿನ್ನದೇ ಮನೆ ಎಂದು ನಂಬಿಸಲು ಲಿನಕ್ಸಿನೊಳಗೆ ಲಾಂಚರು ಕಟ್ಟುವ ಸುಳ್ಳು ಮನೆ ಅದು. ಆ ಕೋಣೆಯಲ್ಲಿ ಒಂದು ಫೈಲಿನಿಂದ ಇನ್ನೊಂದಕ್ಕೆ ದಾರಿ ತೋರುವ ಕೊಂಡಿಗಳನ್ನು ಹೊಸ ಜಾಗದ ಫೈಲ್‌ಸಿಸ್ಟಮ್ ಹಿಡಿಯಲಾರದು ಎಂದು ಲಾಂಚರಿಗೆ ಗೊತ್ತಿತ್ತು. ಗೊತ್ತಿದ್ದೇ ಕೋಣೆಯನ್ನು ಹಳೇ ಜಾಗದಲ್ಲೇ ಬಿಟ್ಟು ಬಂತು. ಜಾಗ ಸಾಲದು, ಜಾಗ ಸಾಲದು ಅಂತ ಹತ್ತು ಸಲ ಕೂಗಿದ ಬಾಯಿಗೆ ಈ ಒಂದು ಮಾತು ಬರಲಿಲ್ಲವೇ? ಇದೆಂಥ ಸಕ್ಸಸ್, ಸ್ವಾಮಿ?

ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆಯವರು ಏನೂ ಗ್ಯಾರಂಟಿ ಇಲ್ಲ ಅಂದಿದ್ದಾರೆ. ಆದರೂ ಕೇಳುತ್ತೇನೆ. ಆ ಹಸಿರಕ್ಷರದ ಕೆಳಗೆ ಒಂದು ಸಾಲು ಹಾಕಿ: ಆಟ ಬಂದಿದೆ, ಆಡಿದವರು ಕಟ್ಟಿದ್ದು ಹಳೇ ಜಾಗದಲ್ಲೇ ಇದೆ, ಅಳಿಸಬೇಡಿ. ನೀವು ಹಾಕಿದ್ದರೆ ಹೋದ ವಾರ ನಾನು ಅಳಿಸಿರುವುದಿಲ್ಲ, ನಾಳೆ ನಾನು ತೆರೆದಾಗ ಕೆರೆ ಇರುತ್ತದೆ. ಈ ಸಲ ಚಹದಂಗಡಿ ಮುಂದೆ ಕೂರುವುದಿಲ್ಲ, ನೇರ ಆ ಬಾಗಿಲಿಗೇ ಹೋಗುತ್ತೇನೆ.

ಇತಿ,
ಸಂಗನಬಸಪ್ಪ ಹೊಂಬಳ