ಒಳಗೆ ಮಡಚಿಟ್ಟ ಬಟ್ಟೆ

ಅಮ್ಮಾ,

ನೀನು ಹೋಗಿ ಆರು ತಿಂಗಳು, ನಾನು ಪಥ್ಯ ಹಿಡಿದು ಐದು. ಈ ಸಲ ಒಂದು ದಿನವೂ ತಪ್ಪಿಸಿಲ್ಲ. ಬೇಯಿಸಿದ ತರಕಾರಿ ಕಂಡರೆ ಮೈ ಉರಿಯತ್ತೆ, ಆದರೂ ತಿಂತೀನಿ. ಸಾಕಾಗಿಹೋಗಿದೆ ಕಣಮ್ಮಾ.

ನೀನು ಹೊಲಿದುಕೊಟ್ಟ ನೀಲಿ ಅಂಗಿ ಈಗ ದೊಗಳೆ. ಬಿಗಿ ಮಾಡಿಸೋಣ ಅಂತ ಇವತ್ತು ಟೈಲರ್ ಹತ್ರ ಒಯ್ದೆ. ಅವರು ಅಂಗಿ ಒಳಮಗ್ಗುಲು ಮಾಡಿ ನೋಡಿ, "ಇದನ್ನ ಮೂರು ಸಲ ಬಿಚ್ಚಿ ಅಗಲ ಮಾಡಿದಾರಲ್ಲ!" ಅಂದ್ರು. ನಿಜವೇ. ಹಳೇ ಸೂಜಿಗುರುತು ಮೂರು ಸಾಲು ಇತ್ತು.

ಪಥ್ಯ ಅರ್ಧಕ್ಕೆ ಬಿಟ್ಟಾಗಲೆಲ್ಲ ಇದೇ ಅಂಗಿ ಹಾಕ್ಕೊಂಡು, "ನೋಡು, ಇನ್ನೂ ಸರಿಯಾಗೇ ಇದೆ, ನಾನೆಲ್ಲಿ ದಪ್ಪ ಆಗಿದೀನಿ?" ಅಂತ ನಿನ್ನ ಮುಂದೆ ಮೆರೀತಿದ್ದೆ. ನೀನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ "ಹೂಂ" ಅಂತಿದ್ದೆ.

ಡಾಕ್ಟರು ಬೈದ ದಿನ ಮಾತ್ರ, "ನಿನ್ನ ಕೈಯೂಟದಿಂದಲೇ ಹೀಗಾದೆ" ಅಂತ ನಿನ್ನ ಮೇಲೆ ಹರಿಹಾಯ್ದೆ. ಆಗಲೂ ನೀನು ಅಂಗಿ ವಿಷಯ ಬಾಯಿಬಿಡಲಿಲ್ಲ. ಆ ವಾರವೇ ನಾನು ಬೇರೆ ರೂಮು ಹಿಡಿದೆ. ಹೊರಡುವಾಗ ನೋಡಿದರೆ, ನೀನು ಈ ಅಂಗೀನ ಇಸ್ತ್ರಿ ಮಾಡಿ ನನ್ನ ಚೀಲದ ಮೇಲಿಟ್ಟಿದ್ದೆ. ಮೂರನೇ ಸಾಲು ಆವತ್ತಿನದೇ ಇರಬೇಕು.

ಟೈಲರ್ ಕತ್ತರಿ ಎತ್ತಿಕೊಂಡು, "ಒಳಗಿರೋ ಹೆಚ್ಚಿನ ಬಟ್ಟೆ ತೆಗೆದುಬಿಡ್ಲಾ? ಇನ್ನೇನು ಬೇಕಾಗಲ್ವಲ್ಲ" ಅಂದ್ರು.

"ಬೇಡ, ಹಾಗೇ ಮಡಚಿ ಹೊಲೀರಿ" ಅಂದೆ.

"ಹಾಕ್ಕೊಂಡಾಗ ಚುಚ್ಚತ್ತಮ್ಮ."

"ಚುಚ್ಚಲಿ ಬಿಡಿ" ಅಂದೆ.