ಚೆನ್ನಾಗೇ ಇರುವ ಫೋನು, ನಿಂತುಹೋದ ಅಪ್‌ಡೇಟು

ಫೋನ್ ಕಂಪನಿಯ ಅಪ್‌ಡೇಟ್ ವಿಭಾಗದ ಮುಖ್ಯಸ್ಥರೇ,

ನಿಮ್ಮ ಫೋನು ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ನಂಬಿ ನನ್ನ ಹೆಂಡತಿ ತನ್ನ ತರಗತಿಯನ್ನೇ ಕಳೆದುಕೊಂಡಳು.

ಒಂದೇ ದಿನ, ಒಂದೇ ಅಂಗಡಿಯಲ್ಲಿ ನಾವಿಬ್ಬರೂ ನಿಮ್ಮ ಕಂಪನಿಯ ಫೋನು ಕೊಂಡೆವು. ನನ್ನದು ದುಬಾರಿ, ಅವಳದು ಅಗ್ಗದ್ದು. ಅಗ್ಗದ್ದು ಬೇಗ ಸಾಯಬೇಕೆಂದು ನೀವು ಮೊದಲೇ ತೀರ್ಮಾನಿಸಿದ್ದನ್ನು ಅಂಗಡಿಯವನೂ ಹೇಳಲಿಲ್ಲ, ಡಬ್ಬಿಯೂ ಹೇಳಲಿಲ್ಲ. ಅವಳು ಶಿಶುವಿಹಾರದ ಟೀಚರ್. ಎರಡೂ ಕಿವಿಗೆ ಶ್ರವಣಯಂತ್ರ. ಸುತ್ತಲಿನ ಗದ್ದಲ ತಗ್ಗಿಸಿ ಮಾತನ್ನು ಎತ್ತಿಕೊಡುವಂತೆ ಅದನ್ನು ಹೊಂದಿಸುವುದು ಫೋನಿನಲ್ಲಿರುವ ಒಂದು ಆ್ಯಪ್. ಒಂದು ಬೆಳಿಗ್ಗೆ ಆ ಆ್ಯಪ್ ತೆರೆಯಲಿಲ್ಲ. ಫೋನಿಗೆ ಹೊಸ ಅಪ್‌ಡೇಟ್ ಆಗಬೇಕು ಎಂದಿತು. ನನ್ನ ಫೋನಿಗೆ ಆ ಅಪ್‌ಡೇಟ್ ಯಾವತ್ತೋ ಬಂದಿತ್ತು. ಅವಳ ಫೋನೋ, 'ನಿಮ್ಮ ಫೋನ್ ಅಪ್‌ಟುಡೇಟ್ ಆಗಿದೆ' ಎಂದು ಹಸಿರು ಗುರುತು ತೋರಿಸಿ ಅಭಿನಂದಿಸಿತು. ಇವತ್ತಲ್ಲ ನಾಳೆ ಬರುತ್ತದೆಂದು ಅವಳು ದಿನಾ ಒತ್ತಿ ನೋಡುತ್ತ ಕಾದಳು. ನಿಮ್ಮ ಮಾತು ನಂಬಬಾರದಿತ್ತೇ, ಮಾನ್ಯರೇ?

ಹಾಗೆ ಕಾಯುತ್ತಿದ್ದಾಗಲೇ ಒಂದು ಮಧ್ಯಾಹ್ನ ಅವಳ ತರಗತಿಯ ಮಗುವೊಂದು ಬಚ್ಚಲಿನ ಚಿಲಕ ಹಾಕಿಕೊಂಡು ಒಳಗೇ ಸಿಕ್ಕಿಬಿತ್ತು. ಅತ್ತು, ಕೂಗಿ, ಅದರ ಗಂಟಲು ಕಟ್ಟಿತು. ಗೋಡೆಯ ಈಚೆಗಿದ್ದ ಇವಳಿಗೆ ಕೇಳಿಸಿದ್ದು ಉಳಿದ ಮಕ್ಕಳ ಗದ್ದಲ ಮಾತ್ರ. ಪಕ್ಕದ ತರಗತಿಯ ಟೀಚರ್ ಓಡಿಬಂದು ಬಾಗಿಲು ತೆಗೆಸಿದರು. ಸದ್ಯ, ಮಗುವಿಗೆ ಏನೂ ಆಗಲಿಲ್ಲ. ಮರುದಿನವೇ ಮುಖ್ಯಶಿಕ್ಷಕಿ ಇವಳನ್ನು ಆಟದ ಸಾಮಾನಿನ ಕೋಣೆಗೆ ಹಾಕಿದರು. ಅವರನ್ನು ನಾನು ಬೈಯಲಾರೆ. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತಳು.

"ಅದು ನನ್ನನ್ನೇ ಕರೀತಿತ್ತಂತೆ ಕಣ್ರೀ," ಅಂದಳು.

ನಾನು ನಿಮ್ಮ ಸೇವಾ ಕೇಂದ್ರಕ್ಕೆ ಹೋದೆ. ಈ ಮಾಡೆಲ್‌ಗೆ ಅಪ್‌ಡೇಟ್ ನಿಂತು ಎಷ್ಟೋ ಕಾಲವಾಯಿತು ಎಂದರು ಕೌಂಟರಿನವರು. ಹಾಗಾದರೆ ಫೋನಿಗೇನಾಗಿದೆ ಎಂದು ಕೇಳಿದೆ.

"ಏನೂ ಆಗಿಲ್ಲ ಸರ್, ಚೆನ್ನಾಗೇ ಇದೆ. ಹೊಸದು ತಗೊಂಡ್ಬಿಡಿ."

ಎಂಥ ಘನವಾದ ಸಲಹೆ! ಚೆನ್ನಾಗಿರುವುದನ್ನು ಬಿಸಾಡಿಸುವುದಕ್ಕೇ ನಿಮ್ಮಲ್ಲಿ ಒಂದು ವಿಭಾಗ, ಅದಕ್ಕೊಬ್ಬ ಮುಖ್ಯಸ್ಥರು. ಅಂದು ಸಂಜೆ ನನ್ನ ಫೋನನ್ನೇ ಅವಳ ಕೈಗಿಟ್ಟೆ. ಆ್ಯಪ್ ತೆರೆಯಿತು. ಅಡುಗೆಮನೆಯಿಂದ ಮೆಲ್ಲಗೆ ಕರೆದು ನೋಡಿದೆ, "ಬಂದೆ" ಎಂದಳು. ಕಿವಿ ವಾಪಸ್ ಬಂತು, ತರಗತಿ ಬರಲಿಲ್ಲ. ಮಕ್ಕಳ ತಂದೆತಾಯಿಯರು ಒಪ್ಪುವುದಿಲ್ಲವಂತೆ.

ಅಪ್‌ಡೇಟ್ ಎಲ್ಲಿಯವರೆಗೆ ಕೊಡುತ್ತೀರೆಂದು ಡಬ್ಬಿಯ ಮೇಲೆ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚುಹಾಕಿ. ನಿಲ್ಲಿಸಿದ ದಿನ ನಿಲ್ಲಿಸಿದ್ದೇವೆಂದು ಆ ಫೋನಿನ ಬಾಯಲ್ಲೇ ಹೇಳಿಸಿ. ಹಾಗೆಯೇ ಆ ಮುಖ್ಯಶಿಕ್ಷಕಿಗೆ ಒಂದು ಸಾಲು ಬರೆಯಿರಿ: ಆ ಮಧ್ಯಾಹ್ನದ ತಪ್ಪು ನಿಮ್ಮ ಟೀಚರದ್ದಲ್ಲ, ನಮ್ಮದು ಎಂದು. ವಿಳಾಸ ನಾನು ಕೊಡುತ್ತೇನೆ.

ಇಂತಿ,
ಸಿಟ್ಟು ಇನ್ನೂ ಇಳಿಯದ,
ಆ ಟೀಚರ ಗಂಡ