ಲೇತಿನ ಮೇಲೆ ಇಟ್ಟ ಲೋಟ

ವರ್ಕ್‌ಶಾಪಿನಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡಿ, ಅವಳು ದೂರು ಹೇಳುತ್ತಾಳೆ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಸೊಸೆ ಮಾತ್ರ ಮೂರು ದಿನದಿಂದ ನನ್ನ ಜೊತೆ ಅಳೆದು ತೂಗಿ ಮಾತಾಡುತ್ತಿದ್ದಾಳೆ. ತಪ್ಪು ಅವಳದಲ್ಲ.

ನಮ್ಮ ಮರ ಕಡೆಯುವ ಲೇತ್ ಮುದಿಯಾಯಿತೆಂದು ಊರೆಲ್ಲ ಸಾರಿಕೊಂಡು, ಹೊಸದಕ್ಕಾಗಿ ಮೂರು ಅಂಗಡಿ ಸುತ್ತಿದೆ. ಮೊದಲು ನೋಡಿದ ಲೇತಿನಲ್ಲಿ ಕುರ್ಚಿ ಕಾಲು ಹಿಡಿಸುತ್ತದೆ, ಮಂಚದ ಕಾಲು ಹಿಡಿಸುವುದಿಲ್ಲ. ಎರಡನೆಯದಕ್ಕೆ ವೇಗ ಬದಲಿಸಲು ಬೆಲ್ಟ್ ಮುಟ್ಟಬೇಕಿಲ್ಲ, ಗುಂಡಿ ತಿರುಗಿಸಿದರಾಯಿತು. ಆದರೆ ಮೈ ಬರೀ ತಗಡು, ಬಣ್ಣದ್ದೇ ಭಾರ. ಮೂರನೆಯದು ಎರಕದ ಕಬ್ಬಿಣ. ಅಂಗಡಿಯಾಕೆ ಮಾತು ಬೆಳೆಸದೆ, ಲೋಟದ ತುಂಬ ನೀರು ತಂದು ಅದರ ಮೇಲಿಟ್ಟು ಯಂತ್ರ ಓಡಿಸಿದರು. ಒಂದು ಹನಿ ಚೆಲ್ಲಲಿಲ್ಲ. "ನಿಮ್ ಲೇತ್ ಮೇಲೂ ಒಂದ್ಸಲ ಇಟ್ಟು ನೋಡಿ, ಆಮೇಲೆ ತಗೊಳ್ಳೋರಂತೆ" ಎಂದರು.

ಬಂದು ಇಟ್ಟೆ. ಅರ್ಧ ನೀರು ನನ್ನ ಚಪ್ಪಲಿಯ ಮೇಲೆ ಬಿತ್ತು. ಮರದ ಹೊಟ್ಟು ಸರಿಸಿ ಬಗ್ಗಿ ನೋಡಿದರೆ, ಲೇತನ್ನು ನೆಲಕ್ಕೆ ಬಿಗಿಯುವ ನಾಲ್ಕು ಬೋಲ್ಟೂ ಇಲ್ಲ, ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು. ಕಳೆದ ವರ್ಷ ಬೆಳಕು ಬೇಕೆಂದು ಅದನ್ನು ಕಿಟಕಿಯ ಹತ್ತಿರ ಸರಿಸಿದವನು ನಾನೇ. ಸಂಜೆ ಬಿಗಿದರಾಯಿತೆಂದು ಬೋಲ್ಟುಗಳನ್ನು ವಾರ್ನಿಷ್ ಡಬ್ಬಕ್ಕೆ ಹಾಕಿದ್ದೆ. ಇನ್ನೂ ಅಲ್ಲೇ ಇದ್ದವು. ಬಿಗಿದು ಮತ್ತೆ ಲೋಟ ಇಟ್ಟೆ. ನೀರು ನಿಂತಿತು.

ಸರಿಸಿದ ಮರುವಾರವೇ ಅಲ್ಲವೇ ಟೀಚರಮ್ಮ ಬಂದದ್ದು? ಅವರ ಆರು ಕುರ್ಚಿಗೆ ನಾವಿಬ್ಬರೂ ಕಡೆದ ಕಾಲುಗಳಲ್ಲಿ ನಾಲ್ಕನ್ನು ವಾಪಸು ತಂದು, ಮೈಯೆಲ್ಲ ಅಲೆ ಅಲೆಯಾಗಿದೆ ಎಂದರು. ನೀವು "ಲೇತ್ ಯಾಕೋ ಅದುರ್ತಿದೆ ಕಣೋ, ನೋಡು" ಎಂದಿರಿ. ನಾನು ಅವರೆದುರಿಗೇ ನಕ್ಕು, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಅಪ್ಪನ ಕೈ ನಡುಗ್ತಿದೆ, ವಯಸ್ಸಾಯ್ತು" ಎಂದೆ. ನೀವು ಉಳಿ ಒರೆಸಿ ಗೂಡಿನಲ್ಲಿಟ್ಟಿರಿ. ಅಂದಿನಿಂದ ಮರ ಮುಟ್ಟಿಲ್ಲ. ಈಗ ಹಾಲಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತೀರೆಂದು ಅಕ್ಕ ಹೇಳಿದಾಗ ನಾಚಿಕೆಯಿಂದ ಹಿಡಿಯಾದೆ. ನೆಲವೇ ಡೊಂಕಾಗಿತ್ತು ಅಪ್ಪಾ, ಡೊಂಕು ಮಾಡಿದವನು ನಾನು.

ಹೊಸ ಲೇತ್ ಕೊಳ್ಳಲಿಲ್ಲ. ನಿಮ್ಮ ಉಳಿಗಳನ್ನು ಮಸೆಯುವ ಧೈರ್ಯವಾಗಲಿಲ್ಲ, ತುಕ್ಕು ಹಿಡಿಯದಂತೆ ಎಣ್ಣೆ ಸವರಿಟ್ಟಿದ್ದೇನೆ. ಅಕ್ಕ ಭಾವನಿಗೆ ನಮಸ್ಕಾರ ತಿಳಿಸಿ. ಆಶೀರ್ವಾದ ಕೇಳಲು ಈ ಸಲ ಮುಖವಿಲ್ಲ, ಬೈಗುಳವಾದರೂ ಬರಲಿ.

ನಿಮ್ಮ ಮಗ

ಕವರು ಅಂಟಿಸುವ ಮುಂಚೆ ಇದೊಂದು: ನೀವು ಕಡೆದ ಕಾಲಿನ ಬುಡದಲ್ಲಿ ನಿಮ್ಮ ಪೆನ್ಸಿಲ್ ಗೀಟು ಇರುತ್ತದೆ. ವಾಪಸು ಬಂದ ನಾಲ್ಕರಲ್ಲಿ ಎರಡಕ್ಕೆ ಅದು ಇರಲಿಲ್ಲ. ಅವು ನನ್ನವು. ನಾಲ್ಕರಲ್ಲೂ ಅಲೆ ಒಂದೇ ಥರ ಇತ್ತು. ಆವತ್ತೇ ನೋಡಿದ್ದೆ. ನೀವು ತಿರುಗಿಸಿ ನೋಡುವ ಮೊದಲೇ ನಾಲ್ಕನ್ನೂ ಒಲೆಗೆ ಹಾಕಿದೆ. ನಿಮ್ಮ ಸೊಸೆಗೆ ಹೇಳಿದ್ದೇನೆ, ನಿನ್ನೆ ಟೀಚರಮ್ಮನಿಗೂ ಹೇಳಿ ಬಂದೆ. ಲೋಟವನ್ನು ಒಂದೇ ಕೈಯಲ್ಲಿ ಹಿಡಿಯಿರಿ ಅಪ್ಪಾ.